ಭೂಗೋಳ ಓದಿ ರಾಗಿ ಹಿಟ್ಟು ಮಾರ್ತೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂತೆಯಲ್ಲಿ, ಮದುವೆ ಮನೆಯಲ್ಲಿ, ಕಾಲೇಜು ಮಕ್ಕಳ ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ. ಬೇಕಾದ್ದನ್ನಷ್ಟೇ ಓದಿ ಎದ್ದು ಹೋಗಬಹುದು.

## ಎಲ್ಲರೂ ಮೊದಲು ಕೇಳುವವು

ಮೇಡಂ, ನಿಜವಾಗ್ಲೂ ನಿಮ್ಮ ಕೆಲಸ ಯಾವುದು?

ಈಗ ರಾಗಿ ಹಿಟ್ಟು, ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಮಾಡಿ ಮಾರುತ್ತೇನೆ. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ, ಹಳೇ ಕೊಟ್ಟಿಗೆಯನ್ನೇ ರಿಪೇರಿ ಮಾಡಿಸಿಕೊಂಡು. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಜಲಾನಯನ ಯೋಜನೆಗಳಿಗೆ, ಅಂದರೆ ಹಳ್ಳಕ್ಕೆ ನೀರು ಹರಿದು ಬರುವ ಜಾಗದಲ್ಲೆಲ್ಲ ಮಣ್ಣು, ನೀರು ಉಳಿಸುವ ಕೆಲಸಗಳಿಗೆ, ನಕ್ಷೆ ಮಾಡುತ್ತಿದ್ದೆ. ಅದಕ್ಕೂ ಮೊದಲು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂಗೋಳ ಎಂ.ಎ. ವಿಸಿಟಿಂಗ್ ಕಾರ್ಡ್ ಮೇಲೆ ಏನು ಬರೆಸೋದು ಅಂತ ತೋಚದೆ ಬರೀ ಹೆಸರು, ಊರು ಹಾಕಿಸಿದ್ದೇನೆ.

ಭೂಗೋಳ ಅಂದ್ರೆ ರಾಜಧಾನಿಗಳ ಹೆಸರು ಬಾಯಿಪಾಠ ಮಾಡೋದಲ್ವಾ? ಅದನ್ನ ಯಾಕೆ ತಗೊಂಡ್ರಿ?

ಹೈಸ್ಕೂಲಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಬಿ.ಎ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಒಂದು ಟೋಪೋ ಶೀಟ್ ಕೈಗೆ ಕೊಟ್ಟರು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆ. ಹಾಳೆಯ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಎತ್ತರ ತೋರಿಸುವ ಕಂದು ಗೆರೆಗಳು 20 ಮೀಟರಿಗೆ ಒಂದೊಂದು.

ಅದರಲ್ಲಿ ನಮ್ಮೂರ ಕೆರೆ ಇತ್ತು. ಏರಿ ಇತ್ತು. ಕೆರೆಗೆ ನೀರು ತರುವ ಹಳ್ಳ ಸಣ್ಣ ನೀಲಿ ಗೆರೆಯಾಗಿತ್ತು. ಬೆರಳಿಟ್ಟು ಆ ಗೆರೆ ಹಿಡಿದು ಹಿಂದಕ್ಕೆ ಹೋದೆ. ಮೂರು ಊರು ದಾಟಿ, ಒಂದು ಬೋಳು ಗುಡ್ಡದ ಬುಡದಲ್ಲಿ ನಿಂತಿತು. ಆ ಗುಡ್ಡಕ್ಕೂ ನಮ್ಮ ಕೆರೆಗೂ ಸಂಬಂಧ ಇದೆ ಅಂತ ಅಲ್ಲಿವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಬೇರೆ ವಿಷಯ ರುಚಿಸಲಿಲ್ಲ.

ಓದಿದ್ರೆ ಕೆಲಸ ಸಿಗುತ್ತಾ? ನಮ್ಮಪ್ಪ ಒಪ್ತಿಲ್ಲ.

ಮೇಷ್ಟ್ರ ಕೆಲಸ, ಕೆಎಎಸ್ ಪರೀಕ್ಷೆ ಇದ್ದೇ ಇವೆ. ಅದು ಬಿಟ್ಟರೆ ಜಿಐಎಸ್. ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಒಂದರ ಮೇಲೊಂದು ಹಾಸಿ ನೋಡುವ ಕೆಲಸ. ನಾವು ಕಲಿಯುವಾಗ ಆ ಸಾಫ್ಟ್‌ವೇರ್ ಲಕ್ಷಗಟ್ಟಲೆ ಬೆಲೆಯದ್ದು, ಮುಟ್ಟೋಕೇ ಭಯ. ಈಗ ಕ್ಯೂಜಿಐಎಸ್ ಅನ್ನುವ ಅಂಥದ್ದೇ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಉಪಗ್ರಹ ಚಿತ್ರ ಓದೋದನ್ನು ಕಲಿಸುವ ಡೆಹ್ರಾಡೂನಿನ ಐಐಆರ್‌ಎಸ್ ಸಂಸ್ಥೆ ಆನ್‌ಲೈನಿನಲ್ಲಿ ಉಚಿತವಾಗಿ ಪಾಠ ಮಾಡುತ್ತದೆ. ನಿಮ್ಮೂರಿನ ಒಂದು ಕೆರೆ ಹಿಡಿದು, ಅದರ ನೀರು ಬರುವ ಜಾಗ ಪೂರ್ತಿ ನಕ್ಷೆ ಮಾಡಿ ಅಪ್ಪನಿಗೆ ತೋರಿಸಿ. ಸರ್ಟಿಫಿಕೇಟಿಗಿಂತ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಕೆಲಸ ಕೊಡುವವರ ಮುಂದೆಯೂ ಅಷ್ಟೇ.

ಹೆಣ್ಣುಮಗಳು ಒಬ್ಬಳೇ ಹೊಲ ಹೊಲ ಸುತ್ತೋಕೆ ಭಯ ಆಗ್ತಿರಲಿಲ್ವಾ?

ನಾಯಿಗಳದ್ದು ಭಯ ಇತ್ತು. ಅದಕ್ಕಿಂತ ದೊಡ್ಡ ಸಮಸ್ಯೆ ಶೌಚಾಲಯದ್ದು. ಬೆಳಿಗ್ಗೆಯಿಂದ ನೀರು ಕುಡಿಯದೆ ಬಿಸಿಲಲ್ಲಿ ನಡೆದು ಕಿಡ್ನಿ ಸ್ಟೋನ್ ಮಾಡಿಕೊಂಡೆ. ಹೆಂಗಸರು ಮಾತ್ರ ನನ್ನನ್ನು ಕಂಡ ಕೂಡಲೇ ಒಳಗೆ ಕರೆದು ಕೂರಿಸುತ್ತಿದ್ದರು. ಗಂಡಸು ಸಹೋದ್ಯೋಗಿಗಳು ಜಗುಲಿ ಮೇಲೆ, ನಾನು ಅಡುಗೆಮನೆಯಲ್ಲಿ. ಈಗಿನ ನನ್ನ ಕಸುಬು ಶುರುವಾದದ್ದೂ ಅಲ್ಲೇ.

## ನಕ್ಷೆ, ಉಪಗ್ರಹ, ಪಹಣಿ

ಚೆಕ್ ಡ್ಯಾಂ ಕಟ್ಟೋಕೆ ಜೆಸಿಬಿ ಸಾಕು, ನಕ್ಷೆ ಯಾಕೆ?

ನೀರು ಮೇಲಿನಿಂದ ಬರುತ್ತದೆ, ಕೆಲಸವೂ ಮೇಲಿನಿಂದಲೇ ಆಗಬೇಕು. ಮೊದಲು ಗುಡ್ಡದ ನೆತ್ತಿಯಲ್ಲಿ ಗಿಡ, ಇಳಿಜಾರಿನಲ್ಲಿ ಕಲ್ಲು ತಡೆ, ಹೊಲಗಳಲ್ಲಿ ಬದು, ಕೃಷಿ ಹೊಂಡ. ಕೊನೆಗೆ ಹಳ್ಳದಲ್ಲಿ ಚೆಕ್ ಡ್ಯಾಂ. ಎಲ್ಲರಿಗೂ ಮೊದಲು ಬೇಕಾಗುವುದು ಮಾತ್ರ ಚೆಕ್ ಡ್ಯಾಂ. ಅದು ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಬೋರ್ಡ್ ಬರೆಸಬಹುದು. ಮೇಲಿನ ಕೆಲಸ ಬಿಟ್ಟು ಅದನ್ನೇ ಕಟ್ಟಿದರೆ ಎರಡು ಮಳೆಗಾಲಕ್ಕೆ ಹೂಳು ತುಂಬುತ್ತದೆ.

2000ದ ದಶಕದ ಶುರುವಿನಲ್ಲಿ ಬಂದ ಸುಜಲ ಅನ್ನುವ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ವಿಶ್ವ ಬ್ಯಾಂಕಿನ ಸಾಲ, ಉಪಗ್ರಹ ಚಿತ್ರ ಇಟ್ಟುಕೊಂಡು ಉಸ್ತುವಾರಿ. ನಮ್ಮಂಥ ಎಷ್ಟೋ ಭೂಗೋಳದವರಿಗೆ ಅನ್ನ ಹುಟ್ಟಿದ್ದು ಆ ಕಾಲದಲ್ಲೇ.

ಉಪಗ್ರಹಕ್ಕೆ ನಮ್ಮ ಹೊಲ ಕಾಣುತ್ತಾ?

ಯಾವ ಉಪಗ್ರಹ, ಎಷ್ಟು ಹೊಲ ಅನ್ನುವುದರ ಮೇಲೆ ಹೋಗುತ್ತದೆ. ಚಿತ್ರ ಚೌಕ ಚೌಕವಾಗಿ ಬರುತ್ತದೆ. ಒಂದು ಚೌಕಕ್ಕೆ ಒಂದೇ ಬಣ್ಣ. ಅದರೊಳಗೆ ಏನೇ ಇದ್ದರೂ ಕಲಸಿ ಒಂದೇ.

ನೆಲದ ಚಿತ್ರ ತೆಗೆಯುವ ನಮ್ಮ ದೇಶದ ಮೊದಲ ಐಆರ್‌ಎಸ್ ಉಪಗ್ರಹ 1988ರಲ್ಲಿ ಹೋಯಿತು. ಅದರ ಒಂದು ಕ್ಯಾಮೆರಾದ ಚೌಕ 72.5 ಮೀಟರ್. ಗುಂಟೆ ಲೆಕ್ಕದಲ್ಲಿ ಸುಮಾರು 1 ಎಕರೆ 12 ಗುಂಟೆ. ಅಂದರೆ ನಮ್ಮ ಕಡೆ ಎಷ್ಟೋ ಜನರ ಇಡೀ ಜಮೀನು ಒಂದು ಚುಕ್ಕೆ. ನಾನು ಕೆಲಸಕ್ಕೆ ಸೇರಿದಾಗ ಕೈಗೆ ಬರುತ್ತಿದ್ದ ಚಿತ್ರಗಳದ್ದು 23.5 ಮೀಟರ್, ಹತ್ತಿರ ಹತ್ತಿರ ಐದೂವರೆ ಗುಂಟೆ. 2015ರಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-2ರ ಚೌಕ 10 ಮೀಟರ್, ಅದೂ ಪುಕ್ಕಟೆ. 33 ಅಡಿಗೆ 33 ಅಡಿ ಒಂದು ಗುಂಟೆ ಅಲ್ವಾ? ಮೀಟರಿಗೆ ತಿರುಗಿಸಿ ನೋಡಿ, ಒಂದು ಚೌಕ ಹೆಚ್ಚೂ ಕಮ್ಮಿ ಸರಿಯಾಗಿ ಒಂದು ಗುಂಟೆ. ನಮ್ಮ ಶಾನುಭೋಗರನ್ನು ಕೇಳಿ ಮಾಡಿದಂತಿದೆ.

ಫೋನಲ್ಲೇ ಜಿಪಿಎಸ್ ಇರುವಾಗ ಸರ್ವೆಯರ್ ಯಾಕೆ ಕಾಯಬೇಕು?

ಸರ್ವೆ ನಂಬರ್ ಯಾವುದು ಅಂತ ತಿಳಿಯೋಕೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಸಾಕು. ಹೊಲದಲ್ಲಿ ನಿಂತು ತೆಗೆದರೆ ನಂಬರ್ ತೋರಿಸುತ್ತದೆ. ಗಡಿ ಕಲ್ಲು ನೆಡೋಕೆ ಮಾತ್ರ ಅದನ್ನು ನಂಬಬೇಡಿ. ಫೋನಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೆ ಈಚೆ ಹೋಗುತ್ತದೆ. ತೆಂಗಿನ ತೋಟದೊಳಗೆ ಇನ್ನೂ ಜಾಸ್ತಿ. ಪಹಣಿ ಎಕರೆ, ಗುಂಟೆ, ಆಣೆವರೆಗೂ ಲೆಕ್ಕ ಇಡುತ್ತದೆ. ಅಣ್ಣತಮ್ಮಂದಿರು ಒಂದು ಬದುವಿಗೆ ಇಪ್ಪತ್ತು ವರ್ಷ ಕೋರ್ಟ್ ಅಲೆದಿದ್ದನ್ನು ಕಂಡಿದ್ದೇನೆ. ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಬಂದು ಗಡಿ ಅಳೆದು ಗುರುತಿಸೋಕೆ, ಅರ್ಜಿ ಹಾಕಿ, ಕಾಯಿರಿ.

ನಕ್ಷೆ ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?

ಒಂದು ಚೆಕ್ ಡ್ಯಾಮನ್ನು ತೆಂಗಿನ ತೋಟದ ನಡುವೆ ಇಟ್ಟಿದ್ದು.

ಹಳ್ಳದಲ್ಲಿ ನಿಂತು ಜಿಪಿಎಸ್ ಓದಿಕೊಂಡು ಬಂದಿದ್ದೆ. ಅದನ್ನು ಸ್ಕ್ಯಾನ್ ಮಾಡಿದ ಹಳೇ ಟೋಪೋ ಶೀಟ್ ಮೇಲೆ ಹಾಗೇ ಹಾಕಿದೆ. ಹಳೇ ಶೀಟುಗಳು ಭೂಮಿಯ ಆಕಾರವನ್ನು ಎವರೆಸ್ಟ್ ಅನ್ನುವ ಲೆಕ್ಕದಲ್ಲಿ ಹಿಡಿದಿವೆ. ಹೌದು, ಶಿಖರಕ್ಕೆ ಯಾರ ಹೆಸರಿಟ್ಟಿದ್ದಾರೋ ಅದೇ ಸರ್ವೆ ಸಾಹೇಬ. ಜಿಪಿಎಸ್ ಹಿಡಿಯುವ ಲೆಕ್ಕ ಬೇರೆ. ಒಂದನ್ನು ಇನ್ನೊಂದಕ್ಕೆ ತಿರುಗಿಸದೆ ಹಾಕಿದರೆ ನಮ್ಮ ಕಡೆ ಸುಮಾರು 200 ಮೀಟರ್ ಸರಿದು ಕೂರುತ್ತದೆ. ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ನಕ್ಷೆ ಹರಡಿದಾಗ ತೋಟದ ಯಜಮಾನರು ಬಗ್ಗಿ ನೋಡಿ, "ನನ್ನ ತೋಟದಾಗೆ ಹೊಳೆ ಬರುತ್ತೆ ಅಂದ್ರೆ ಸಂತೋಷನೇ ಕಣವ್ವ" ಅಂದರು. ಕಟ್ಟೋದಕ್ಕೆ ಮೊದಲೇ ಗೊತ್ತಾಯಿತು, ಬಚಾವಾದೆ. ಆಮೇಲೆ ಯಾವ ನಕ್ಷೆಯನ್ನೂ ಊರಿನವರ ಮುಂದೆ ಹಾಸದೆ ಆಫೀಸಿಗೆ ಕೊಟ್ಟಿಲ್ಲ.

ಓದು ಬರಹ ಇಲ್ಲದೋರು ನಕ್ಷೆ ಬಿಡಿಸ್ತಾರೆ ಅಂತೀರಲ್ಲ, ನಿಜವಾ?

ಬಿಡಿಸುತ್ತಾರೆ, ಅದೂ ರಂಗೋಲಿ ಪುಡಿಯಲ್ಲಿ. ದೇವಸ್ಥಾನದ ಮುಂದೆ ನೆಲ ಸಾರಿಸಿ ಬಿಟ್ಟರೆ ಒಂದು ಗಂಟೆಯಲ್ಲಿ ಇಡೀ ಊರು ಮೂಡುತ್ತದೆ. 1990ರ ಆಸುಪಾಸಿನಲ್ಲಿ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಈ ಪದ್ಧತಿಯನ್ನು ಕರ್ನಾಟಕದಲ್ಲಿ ಬಳಕೆಗೆ ತಂದವು. ಬತ್ತಿದ ಬೋರ್‌ವೆಲ್ಲಿಗೆ ಕಲ್ಲು, ನೀರಿರುವುದಕ್ಕೆ ಎಲೆ, ಗಂಡ ಸತ್ತ ಮನೆಗೆ ಒಂದು ಇದ್ದಿಲ ಚೂರು. ಈ ಕೊನೆಯದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಸಂಜೆ ಆಡುಗಳು ಬಂದು ತುಳಿಯುವ ಮುಂಚೆ ಕಾಗದಕ್ಕೆ ಇಳಿಸಿಕೊಳ್ಳುವುದು ನನ್ನ ಕೆಲಸ.

ಪಹಣಿ ಕಂಪ್ಯೂಟರಿಗೆ ಬಂದು ಏನು ಉಪಯೋಗ ಆಯ್ತು?

ಆಯಿತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಹೋದವು. ಗ್ರಾಮ ಲೆಕ್ಕಿಗರ ಹಿಂದೆ ವಾರಗಟ್ಟಲೆ ಅಲೆಯುತ್ತಿದ್ದವರಿಗೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಬಂತು. ಆದರೆ ಅದು ಪುಸ್ತಕದಲ್ಲಿ ಇದ್ದದ್ದನ್ನೇ ಬೇಗ ಕೊಟ್ಟಿತು. ತಾತ ಸತ್ತು ಮೂವತ್ತು ವರ್ಷವಾದರೂ ಖಾತೆ ತಾತನ ಹೆಸರಿನಲ್ಲೇ ಇದ್ದರೆ, ಕಂಪ್ಯೂಟರ್ ಕೂಡ ತಾತನ ಹೆಸರನ್ನೇ ನೀಟಾಗಿ ಪ್ರಿಂಟ್ ಹಾಕಿ ಕೊಡುತ್ತದೆ. ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ತಿರುಗಿಸುವ ಪೌತಿ ಖಾತೆ ಮಾಡಿಸಿಕೊಳ್ಳದ ಮನೆ ಪ್ರತಿ ಊರಿನಲ್ಲೂ ಇವೆ, ನಮ್ಮನೆಯೂ ಸೇರಿ.

## ಹಿಟ್ಟಿನ ವಿಷಯ

ಅಷ್ಟು ಒಳ್ಳೆ ಕೆಲಸ ಬಿಟ್ಟು ಹಿಟ್ಟಿಗೆ ಯಾಕೆ ಕೈ ಹಾಕಿದ್ರಿ?

ಒಬ್ಬ ಅಜ್ಜಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೆ.

ಬೆಳೆ ನಕ್ಷೆ ಹಿಡಿದು ಊರಿಗೆ ಹೋಗಿದ್ದೆ. ಹಳದಿ ಅಂದರೆ ರಾಗಿ, ಹಸಿರು ಅಂದರೆ ತೆಂಗು, ಹೀಗೆ. ಅಜ್ಜಿ ತನ್ನ ಹೊಲ ಎಲ್ಲಿದೆ ಅಂತ ಕೇಳಿದರು, ಬೆರಳಿಟ್ಟು ತೋರಿಸಿದೆ. ಪೂರ್ತಿ ಹಳದಿ. ಸ್ವಲ್ಪ ಹೊತ್ತು ನೋಡಿ, "ಇದ್ರಾಗೆ ನನ್ನ ಅವರೆ ಎಲ್ಲೈತವ್ವ?" ಅಂದರು.

ಅವರದ್ದು ಅಕ್ಕಡಿ ಸಾಲಿನ ಹೊಲ. ಎಂಟು ಹತ್ತು ಸಾಲು ರಾಗಿ ಆದ ಮೇಲೆ ಒಂದು ಸಾಲು ಬೇರೆ ಕಾಳು. ಒಂದರಲ್ಲಿ ಅವರೆ, ಇನ್ನೊಂದರಲ್ಲಿ ತೊಗರಿ, ಮತ್ತೊಂದರಲ್ಲಿ ಹುಚ್ಚೆಳ್ಳು, ನಡುವೆ ನಾಲ್ಕು ಜೋಳ, ಸಾಸಿವೆ, ಅಂಚಿಗೆ ಹರಳು. ರಾಗಿ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ತೊಗರಿಯದ್ದು ಆಳಕ್ಕೆ ಇಳಿಯುತ್ತದೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಚಳಿಗಾಲದ ಮಂಜು ಕುಡಿದು ಅವರೆ ನಾಲ್ಕು ಕಾಯಿ ಬಿಡುತ್ತದೆ. ಆ ಮನೆಯ ಸಾರು, ಚಟ್ನಿ, ಹಬ್ಬದ ಹಿತಕಿದ ಬೇಳೆ ಎಲ್ಲಾ ಆ ಸಣ್ಣ ಸಾಲುಗಳಿಂದಲೇ. ಐದೂವರೆ ಗುಂಟೆಯ ಚೌಕದಲ್ಲಿ ಅದೆಲ್ಲ ಕರಗಿ ಬರೀ ರಾಗಿ ಆಗಿತ್ತು. ನಾನು ಅದಕ್ಕೆ ಹಳದಿ ಬಳಿದಿದ್ದೆ.

ಅವತ್ತು ಅವರ ಮನೆಯಲ್ಲೇ ಊಟ. ಮುದ್ದೆ, ಸೊಗಡು ಅವರೆಕಾಳು ಸಾರು, ಹುಚ್ಚೆಳ್ಳು ಪುಡಿ. ನಕ್ಷೆಯಲ್ಲಿ ಇಲ್ಲದ್ದು ತಟ್ಟೆಯಲ್ಲಿ ಇತ್ತು.

ಕೆಲವು ವರ್ಷ ಬಿಟ್ಟು ಹೋದರೆ ಆ ಹೊಲದಲ್ಲಿ ನಿಜವಾಗಿ ಬರೀ ರಾಗಿ. ನನ್ನ ನಕ್ಷೆ ಈಗ ಸರಿಯಾಗಿತ್ತು! ಕೂಲಿ ಸಿಗಲ್ಲ, ಕಟಾವು ಮಿಷನ್ ಬಂದರೆ ನಡುವಿನ ಸಾಲು ಅಡ್ಡ, ಅದಕ್ಕಿಂತ ಮುಖ್ಯವಾಗಿ ಎಂಟು ಕೆ.ಜಿ. ಹುಚ್ಚೆಳ್ಳಿಗೆ ಯಾವ ವ್ಯಾಪಾರಿಯೂ ಬರಲ್ಲ. ರಾಗಿಯನ್ನಾದರೆ ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುತ್ತದೆ, 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ಎಂಟು ಕೆ.ಜಿ. ಕೊಳ್ಳುವವರು ಒಬ್ಬರು ಬೇಕಿತ್ತು. 2016ರಲ್ಲಿ ಕೆಲಸ ಬಿಟ್ಟು ನಾನೇ ಕೊಳ್ಳೋಕೆ ಶುರು ಮಾಡಿದೆ.

ಸಾಮೆ, ನವಣೆ, ಕೊರಲೆ ಯಾಕೆ ಮಾಡಲ್ಲ? ಈಗ ಅದಕ್ಕೇ ಡಿಮ್ಯಾಂಡ್ ಅಲ್ವಾ?

ಡಿಮ್ಯಾಂಡ್ ಇದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲಂತೂ ಜಾಸ್ತಿ. ಆದರೆ ಅವಕ್ಕೆ ಗಟ್ಟಿ ಸಿಪ್ಪೆ ಇದೆ. ಸಿಪ್ಪೆ ಬಿಡಿಸೋಕೆ ಬೇರೆ ಮಿಷನ್, ಕಲ್ಲು ಆರಿಸೋಕೆ ಇನ್ನೊಂದು. ಹತ್ತು ಕೆ.ಜಿ. ಹಾಕಿದರೆ ಆರೇಳು ಕೆ.ಜಿ. ಅಕ್ಕಿ ಬಂದರೆ ಪುಣ್ಯ. ರಾಗಿಗೆ ಆ ತಾಪತ್ರಯ ಇಲ್ಲ, ಕೇರಿ ತೊಳೆದು ಒಣಗಿಸಿ ನೇರ ಗಿರಣಿಗೆ. ಸಜ್ಜೆ ಹಿಟ್ಟು ಒಮ್ಮೆ ಮಾಡಿ ಕೈ ಸುಟ್ಟುಕೊಂಡೆ. ಅದರಲ್ಲಿ ಎಣ್ಣೆ ಅಂಶ ಹೆಚ್ಚು, ಬೇಗ ಕಹಿ ಬರುತ್ತದೆ. ರಾಗಿ ಕಾಳನ್ನು ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು, ಹುಳ ಮುಟ್ಟುತ್ತಿರಲಿಲ್ಲ.

ಮೊಳಕೆ ಹಿಟ್ಟಿಗೂ ಹುರಿಹಿಟ್ಟಿಗೂ ಏನು ವ್ಯತ್ಯಾಸ?

ಮೊಳಕೆ ಹಿಟ್ಟಿಗೆ ರಾಗಿ ನೆನೆಸಿ, ಬಟ್ಟೆ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುವುದು. ಮೊಳಕೆ ಬಂದಾಗ ಕಾಳಿನೊಳಗಿನ ಪಿಷ್ಟ ಒಡೆಯೋಕೆ ಶುರುವಾಗುತ್ತದೆ. ಅದಕ್ಕೇ ಗಂಜಿ ತೆಳುವಾಗಿ ಬರುತ್ತದೆ. ಮಗುವಿಗೆ ಅಷ್ಟೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ತಿನ್ನಿಸಬಹುದು. ಹುರಿಹಿಟ್ಟಿಗೆ ರಾಗಿಯನ್ನು ಹದವಾಗಿ ತೇವ ಮಾಡಿಟ್ಟು, ಕಾದ ಮರಳಿನಲ್ಲಿ ಅರಳಿಸಿ, ಜರಡಿ ಹಿಡಿದು ಬೀಸುವುದು. ಬೇಯಿಸುವ ಗೋಜಿಲ್ಲ. ಬೆಲ್ಲ, ತುಪ್ಪ, ಕಾಯಿತುರಿ ಹಾಕಿ ಕಲಸಿದರೆ ಆಯಿತು. ತೇವ ಜಾಸ್ತಿಯಾದರೆ ಅರಳು ಅರಳಲ್ಲ, ಕಮ್ಮಿಯಾದರೆ ಸೀಯುತ್ತದೆ. ಆ ಹದ ನಮ್ಮ ಹತ್ತಿರ ಕೆಲಸ ಮಾಡುವ ಅಕ್ಕನ ಕೈಗೆ ಗೊತ್ತು. ನಾನು ತೂಕ ಮಾಡಿ, ಬರೆದಿಟ್ಟುಕೊಂಡು ಮಾಡಿದರೂ ಹತ್ತರಲ್ಲಿ ಮೂರು ಸಲ ಹಾಳು.

ಬೆಂಗಳೂರಲ್ಲಿ ಗ್ಯಾಸ್ ಮೇಲೆ ಮುದ್ದೆ ಮಾಡಿದ್ರೆ ಗಂಟಾಗುತ್ತೆ, ಏನು ಮಾಡೋದು?

ಒಂದು ಲೋಟ ಹಿಟ್ಟಿಗೆ ಒಂದೂಮುಕ್ಕಾಲು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲೇ ಎಸರಿಗೆ ಹಾಕಿ. ಎಸರು ಮರಳುವಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ನಡುವೆ ಸುರಿಯಿರಿ. ಕೈ ಆಡಿಸಬೇಡಿ! ಎಲ್ಲರೂ ಎಡವುವುದು ಇಲ್ಲೇ. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲಿ. ಆಮೇಲೆ ಇಳಿಸಿ ತಿರುವಿ. ಪಾತ್ರೆ ಹಿಡಿಯೋಕೆ ಊರಲ್ಲಾದರೆ ಕವೆಗೋಲು ಇರುತ್ತದೆ, ಫ್ಲ್ಯಾಟಿನಲ್ಲಿ ಒದ್ದೆ ಬಟ್ಟೆ ಮತ್ತು ಗಂಡನ ಕೈ.

ರಾಗಿ ತಿಂದ್ರೆ ಶುಗರ್ ಹೋಗುತ್ತಾ?

ಹೋಗುವುದಿಲ್ಲ. ಮುದ್ದೆಯೂ ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಅನ್ನ ತಿಂದರೆ ಮೀಟರ್ ಏರುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 340-360 ಮಿಲಿಗ್ರಾಂ. ಅದೆಲ್ಲ ಮೈಗೆ ಹತ್ತಲ್ಲ, ಮೊಳಕೆ ಬರಿಸಿದರೆ ಸ್ವಲ್ಪ ವಾಸಿ. ಕಾಯಿಲೆ ವಾಸಿಯಾಗುತ್ತೆ ಅಂತ ಆಹಾರದ ಪ್ಯಾಕೆಟ್ ಮೇಲೆ ಬರೆಯೋಕೆ ಕಾನೂನೂ ಬಿಡಲ್ಲ. ಬರೆದಿದ್ದರೆ ಇನ್ನೂ ಜಾಸ್ತಿ ಮಾರಾಟ ಆಗುತ್ತಿತ್ತು ಅಂತ ನಮ್ಮ ಅಂಗಡಿಯವರು ಇವತ್ತಿಗೂ ಗೊಣಗುತ್ತಾರೆ.

ನಾನೂ ಶುರು ಮಾಡಬೇಕು. ಲೈಸೆನ್ಸ್, ಬಂಡವಾಳ ಎಲ್ಲಾ ಹೇಗೆ?

ನಾನು ಶುರು ಮಾಡಿದಾಗ ವರ್ಷಕ್ಕೆ 12 ಲಕ್ಷದ ಒಳಗೆ ವಹಿವಾಟು ಇದ್ದವರಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕಿತ್ತು, ಫೀಸು ವರ್ಷಕ್ಕೆ 100 ರೂಪಾಯಿ. ಈಗಿನ ಮಿತಿ ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಲೈಸೆನ್ಸ್ ಸುಲಭ, ಕಷ್ಟ ಇರುವುದು ಸಾಲ ವಸೂಲಿಯಲ್ಲಿ. ನಗರದ ಒಂದು ದೊಡ್ಡ ಅಂಗಡಿ ನನ್ನ ಮೊದಲ ವರ್ಷದ ಸರಕು ತಗೊಂಡು, ಏಳು ತಿಂಗಳಾದ ಮೇಲೆ ಅರ್ಧ ದುಡ್ಡು, ಅರ್ಧ ಹುಳ ಬಿದ್ದ ಹಿಟ್ಟು ವಾಪಸ್ ಕೊಟ್ಟಿತು. ಈಗ ಸಂತೆ, ಪರಿಚಯದ ಮನೆಗಳು, ನಗದು ಕೊಡುವ ಎರಡು ಅಂಗಡಿ. ಅಷ್ಟೇ.

## ಸ್ವಲ್ಪ ಆಳದವು

ಈಗ ಎಐ ಬಂದಿದೆಯಲ್ಲ, ಅಕ್ಕಡಿ ಸಾಲನ್ನೂ ಅದೇ ಕಂಡುಹಿಡಿಯಲ್ವಾ?

ಡ್ರೋನ್ ಚಿತ್ರ ಇದ್ದರೆ ಸಾಲು ಕಾಣುತ್ತದೆ. ಇಡೀ ಜಿಲ್ಲೆಗೆ ಡ್ರೋನ್ ಹಾರಿಸುವವರು ಯಾರು? ಉಪಗ್ರಹದಿಂದ ಅಂದರೆ ಮೋಡದ ಕಾಟ. ರಾಗಿ ಹೊಲದಲ್ಲಿ ಇರುವುದೇ ಮಳೆಗಾಲದಲ್ಲಿ. ರೇಡಾರ್ ಉಪಗ್ರಹ ಮೋಡ ದಾಟಿ ನೋಡುತ್ತದೆ, ಆದರೆ ಅದಕ್ಕೂ ಚೌಕದೊಳಗಿನ ಒಂದು ಸಾಲು ಬಿಡಿಸಿ ಹೇಳುವುದು ಕಷ್ಟ. ನನಗೆ ಸರಿ ಅನ್ನಿಸುವ ದಾರಿ ಬೇರೆ. ಅವರೆ ಹಸಿರಾಗಿರುವುದು ರಾಗಿ ಕೊಯ್ದ ಮೇಲೂ. ಡಿಸೆಂಬರ್, ಜನವರಿಯ ಆಕಾಶ ಶುಭ್ರ. ಆಗ ಕೊಯ್ದ ಹೊಲದಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿದ್ದರೆ ಅಲ್ಲಿ ಅಕ್ಕಡಿ ಇದ್ದಿರಬಹುದು. "ಇರಬಹುದು" ಅಷ್ಟೇ. ಯಂತ್ರಕ್ಕೆ ಕಲಿಸೋಕೂ ಮೊದಲು ಯಾರಾದರೂ ಐನೂರು ಹೊಲಕ್ಕೆ ಹೋಗಿ ಇಲ್ಲಿದೆ, ಇಲ್ಲಿಲ್ಲ ಅಂತ ಗುರುತು ಹಾಕಿಕೊಂಡು ಬರಬೇಕು. ಆ ಕೆಲಸಕ್ಕೆ ದುಡ್ಡು ಕೊಡುವವರು ಕಮ್ಮಿ.

ನಕ್ಷೆ ಗೊತ್ತಿರೋರು ನೀವು, ಪ್ಯಾಕೆಟ್ ಮೇಲೆ ಕ್ಯೂಆರ್ ಕೋಡ್ ಹಾಕಿ ಹೊಲ ತೋರಿಸಬಾರದಾ?

ಮಾಡಿದ್ದೆ, ತೆಗೆದುಹಾಕಿದೆ. ಹೊಲ ತೋರಿಸಿದರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಸರ್ವೆ ನಂಬರ್ ಇದ್ದರೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಪಹಣಿ ನೋಡಬಹುದು. 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲ. ಮುದ್ದೆ ತಿನ್ನುವವರಿಗೆ ಹಿಟ್ಟು ಕೊಟ್ಟವರ ಬ್ಯಾಂಕ್ ಸಾಲದ ವಿವರ ಯಾಕೆ? ಈ ಮಾತು ನನಗೆ ಹೊಳೆದದ್ದಲ್ಲ. ಒಬ್ಬ ರೈತರ ಸೊಸೆ ಫೋನಿನಲ್ಲಿ ತೆಗೆದು ತೋರಿಸಿ, "ಅಕ್ಕ, ಇದನ್ನ ನಮ್ಮ ಬೀಗರೂ ನೋಡ್ತಾರೆ" ಅಂದಳು. ಈಗ ಊರಿನ ಹೆಸರು, ಯಾವ ತಿಂಗಳ ಕೊಯ್ಲು, ಜೊತೆಗೆ ಯಾವ ಅಕ್ಕಡಿ ಇತ್ತು, ಇಷ್ಟು ಮಾತ್ರ ಅಚ್ಚು ಹಾಕಿಸುತ್ತೇನೆ.

ಅಕ್ಕಡಿ ಬೀಜ ನಿಮ್ಮ ಹತ್ರ ಸಿಗುತ್ತಾ?

ಸಿಗುತ್ತದೆ, ಮಾರುವುದಿಲ್ಲ. ಮೇ ಕೊನೆಗೆ ಬನ್ನಿ. ನಾಟಿ ಅವರೆ ಒಂದು ಸೇರು, ಹುಚ್ಚೆಳ್ಳು ಪಾವು, ತೊಗರಿ ಅರ್ಧ ಸೇರು. ಬೆಳೆದ ಮೇಲೆ ತಗೊಂಡಷ್ಟು ವಾಪಸ್ ತಂದು ಕೊಡಬೇಕು. ಕೊಟ್ಟಿಗೆಯ ಗೋಡೆ ಮೇಲೆ ನಮ್ಮ ಸುತ್ತಿನ ಹಳ್ಳಿಗಳ ಆ ಹಳೇ ಟೋಪೋ ಶೀಟನ್ನು ದೊಡ್ಡದು ಮಾಡಿ ಅಂಟಿಸಿದ್ದೇನೆ. ಬೀಜ ಒಯ್ಯುವವರು ತಮ್ಮ ಹೊಲ ಹುಡುಕಿ ತಾವೇ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಬೇಕು. ಅವರೆಗೆ ಹಸಿರು, ಹುಚ್ಚೆಳ್ಳಿಗೆ ಹಳದಿ. ಕಳೆದ ವರ್ಷ ಹಳದಿ ಪೆನ್ನು ಮೊದಲು ಖಾಲಿಯಾಯಿತು. ಬರುವಾಗ ಒಂದು ತನ್ನಿ.